ಕಿಲಾರಿಯ ಕಂಬಳಿ

ನಮ್ಮಣ್ಣ ಕ್ಯಾತಪ್ಪ ದೇವರ ದನ ಕಾಯೋ ಕಿಲಾರಿ. ದೇವರ ದನ ಅಂದ್ರೆ ಉಳೋಕೂ ಅಲ್ಲ, ಮಾರೋಕೂ ಅಲ್ಲ. ಹರಕೆಗೆ ಬಿಟ್ಟಂಥವು, ಸತ್ತರೆ ಮನುಷ್ಯರಿಗೆ ಮಾಡಿದಂಗೇ ಮಣ್ಣು ಮಾಡ್ತೀವಿ. ಪರಶುರಾಂಪುರದ ಕಡೆ ನಮ್ಮ ಹಟ್ಟಿಗೆ ಬಂದ್ರೆ ಊರಾಚೆ ದನ ಕೂಡೋ ಮುಳ್ಳುಬೇಲಿಯ ರೊಪ್ಪ ಕಾಣ್ತೈತೆ, ಅದೇ ಅವನ ಮನೆ. ಮುತ್ತಜ್ಜ ಹಿಡಿದ ಕೋಲನ್ನ ಅಜ್ಜ ಹಿಡಿದ, ಅಪ್ಪ ಹಿಡಿದ, ಆಮೇಲೆ ಇವನು. ಕಾಲಿಗೆ ಮೆಟ್ಟಿಲ್ಲ, ಹೆಗಲ ಮೇಲೊಂದು ಕರಿ ಕಂಬಳಿ. "ದೇವರ ದನ ನಾವು ಕಾಯ್ತೀವಿ, ನಮ್ಮ ಮಕ್ಕಳನ್ನ ದೇವರು ಕಾಯ್ತಾನೆ" ಅಂತ ಅಪ್ಪ ಹೇಳೋನು. ಅಣ್ಣ ಅದನ್ನೇ ನಂಬ್ಕೊಂಡು ಬದುಕ್ದ. ನಾನು ಬಾಯಿ ಜೋರಿನ ಕಾಟಮ್ಮ, ದೇವರ ಜೊತೆಗೂ ಜಗಳಕ್ಕೆ ನಿಲ್ಲೋಳು.

ಅತ್ತಿಗೆ ಬೇಗ ಹೋದ್ಲು. ಅಣ್ಣನ ಒಬ್ಬಳೇ ಮಗಳು ಸ್ವಪ್ನನ್ನ ಸಾಕಿದ್ದು ನಾನು. ಚಳಿಗಾಲ ಬಂತಂದ್ರೆ ಆ ಹುಡುಗಿ ಕಾಲು ತಣ್ಣಗಾಗೋವು. ರೊಪ್ಪದತ್ರ ಓಡಿಹೋಗಿ ಅಪ್ಪನ ಕಂಬಳಿಯೊಳಗೆ ಕಾಲು ತೂರಿಸ್ಕೊಂಡು ಕೂರೋಳು. ನಾನು ಬೈದ್ರೆ ಅಪ್ಪ ಮಗಳು ಇಬ್ರೂ ನಗೋರು.

ಮೊಳಕಾಲ್ಮೂರು ಕಡೆಗೆ ಕೊಟ್ವಿ. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೇ ಬಂದ್ಲು. ಆಸ್ಪತ್ರೇಲಿ ಹೆಣ್ಣುಕೂಸು ಹುಟ್ತು, ಅವಳಿಗೆ ರಕ್ತ ನಿಲ್ಲಲಿಲ್ಲ. ಕೂಸನ್ನ ಗಾಜಿನ ಪೆಟ್ಟಿಗೇಲಿ ಇಟ್ರು, ಅದೂ ಉಳಿಯೋದು ಕಷ್ಟ ಅಂದ್ರು. ಸ್ವಪ್ನನ್ನ ಹಟ್ಟಿಗೆ ತಂದು ಮನೆ ಮುಂದೆ ಮಲಗಿಸಿದ್ವಿ. ಚೆನ್ನಾಗಿ ಕಾದ್ಯಲ್ಲಪ್ಪಾ ಅಂತ ದೇವರಿಗೆ ಬಾಯಿಗೆ ಬಂದಂಗೆ ಬೈದೆ.

ನಮ್ಮ ಹಟ್ಟೀಲಿ ಒಂದು ಕಟ್ಟಳೆ ಐತೆ. ಕಿಲಾರಿ ಆದವನು ಹೆಣದ ಮುಖ ನೋಡಬಾರದು. ನೋಡಿದ್ರೆ ಕೋಲು ಕೆಳಗಿಡಬೇಕು, ಆ ಮನೆಯೋರು ಮತ್ತೆ ಹಿಡಿಯಂಗಿಲ್ಲ. ಹಿರೇರು ದೊಡ್ಡಪಾಲಯ್ಯನೋರೇ ರೊಪ್ಪದತ್ರ ಬಂದು, "ಹೆತ್ತ ಮಗಳು ಕಣೋ, ಹೋಗಿ ನೋಡ್ಕೊಂಡು ಬಾ. ಕೋಲಿನ ವಿಚಾರ ನಾವು ಕೇಳಲ್ಲ" ಅಂದ್ರು.

"ನೀವು ಕೇಳಲ್ಲ, ದೇವರು ಕೇಳ್ತಾನೆ. ಕೂಸು ಇನ್ನೂ ಪೆಟ್ಟಿಗೇಲಿ ಐತೆ. ಈಗ ನಾನು ಕೋಲು ಇಟ್ರೆ ಅದನ್ನ ಕಾಯೋರ್ಯಾರು?" ಅಂದ ಅಣ್ಣ.

"ಮಗಳ್ನ ಕಾದನೇನೋ ನಿನ್ನ ದೇವರು?" ಅಂತ ನಾನು ಅರಚಿದೆ. ಅವನು ಹೆಗಲ ಮೇಲಿನ ಕಂಬಳಿ ತೆಗೆದು ಬೇಲಿ ಮೇಲಿಂದ ನನ್ನ ಕೈಗೆ ಕೊಟ್ಟ.

"ಕಾಲಿಗೆ ಹೊದಿಸವ್ವ. ಅವಳಿಗೆ ಕಾಲು ತಣ್ಣಗಾಗ್ತಾವೆ."

ನಾನೇ ಹೊದಿಸಿದೆ. ನಮ್ಮ ಹೊಲದಾಗೇ ಮಣ್ಣು ಮಾಡಿದ್ವಿ. ಎಲ್ರೂ ಅವಳನ್ನ ಹೊತ್ಕೊಂಡು ರೊಪ್ಪದ ಮುಂದಿನ ದಾರೀಲಿ ಹೋಗುವಾಗ ಅಣ್ಣ ನಮಗೆ ಬೆನ್ನು ಮಾಡಿ, ಒಂದು ಹಸುವಿನ ಕೊರಳು ತಬ್ಕೊಂಡು ನಿಂತಿದ್ದ.

ಕೂಸು ಉಳೀತು. ರಶ್ಮಿತಾ ಅಂತ ಹೆಸರಿಟ್ವಿ. ಈಗ ತಪ್ಪುಹೆಜ್ಜೆ ಹಾಕ್ಕೊಂಡು ರೊಪ್ಪದ ಬಾಗಿಲಿಗೆ ಹೋಗ್ತಾಳೆ, ತಾತ ಅಲ್ಲಿನ ಧೂಳು ತೆಗೆದು ಹಣೆಗೆ ಹಚ್ತಾನೆ. "ನೋಡ್ದೇನವ್ವ, ಕಾದ ಅಲ್ವಾ?" ಅಂತ ನನ್ನ ಕೇಳ್ತಾನೆ. ಆ ಮಾತಿಗೆ ನಂಗೆ ಬೈಗುಳ ನಾಲಿಗೆ ತುದಿಗೆ ಬರ್ತೈತೆ, ಕೂಸಿನ ಮುಖ ನೋಡಿ ಬೈಯೋಕಾಗಲ್ಲ.

ಎರಡು ಚಳಿಗಾಲ ಅವನು ಬರೀ ಪಂಚೆ ಹೊದ್ದು ಕಳೆದ. ನೋಡೋಕಾಗದೆ ಮೊನ್ನೆ ಚಳ್ಳಕೆರೆ ಸಂತೇಲಿ ಒಳ್ಳೇದೊಂದು ಕಂಬಳಿ ತಂದೆ. ಮುಟ್ಟಿ ನೋಡ್ದ, ಮಡಿಚಿ ವಾಪಸ್ ಕೊಟ್ಟ.

"ಯಾಕೋ, ಚೆನ್ನಾಗಿಲ್ವಾ?"

"ಚೆನ್ನಾಗೈತೆ. ನಂದು ಸ್ವಪ್ನನ ಹತ್ರ ಐತಲ್ಲ. ಬರುವಾಗ ತರ್ತಾಳೆ" ಅಂದ, ದಾರಿ ಕಡೆ ನೋಡ್ತಾ.

ಅವಳ ಕಾಲಿಗೆ ಅದನ್ನ ಸುತ್ತಿದ್ದು ನಾನು. ಮೇಲೆ ಮಣ್ಣು ಹಾಕಿದ್ದೂ ನಾನು. ಅವನು ನೋಡಿಲ್ಲ, ಏನೂ ನೋಡಿಲ್ಲ. ಇಷ್ಟು ದೊಡ್ಡ ಬಾಯಿ ನಂದು.

"ಹೂಂ ಕಣಣ್ಣ, ತರ್ತಾಳೆ" ಅಂದೆ.