ಉಪ್ಪುನೀರಿಗೆ ಹೃದಯಾಘಾತ

ಹಾಲನ್ನು ಒಲೆಯ ಮೇಲಿಟ್ಟು ಮರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಡೊಂಬಿವಲಿಯಲ್ಲಿ ಇಲ್ಲವೆಂಬುದು ನಮ್ಮ ಯಜಮಾನರ ತೀರ್ಪು. ಆಗೆಲ್ಲ ತಾವು ಒಮ್ಮೆಯೂ ಒಲೆಯ ಮುಂದೆ ನಿಂತಿರಲಿಲ್ಲ, ಅದು ಬೇರೆ ಮಾತು. ಅಂಥ ಉಕ್ಕಿದ ಹಾಲೇ ನನ್ನ ನೌಕರಿ ಉಳಿಸಿತೆಂದರೆ ನೀವೂ ನಗುತ್ತೀರಿ.

ಆಗ ನವಿ ಮುಂಬಯಿಯ ಪ್ರಯೋಗಾಲಯವೊಂದರಲ್ಲಿ, ತೊಟ್ಟು ರಕ್ತದಿಂದಲೇ ಹೃದಯಾಘಾತವನ್ನು ಪತ್ತೆಹಚ್ಚುವ, ಬೆರಳಗಲದ ಪರೀಕ್ಷಾ ಪಟ್ಟಿಯೊಂದನ್ನು ಮಾಡುತ್ತಿದ್ದೆವು. ನೊಂದ ಹೃದಯದಿಂದ ಸೋರಿದ ಪ್ರೋಟೀನು ಎಳ್ಳಷ್ಟಿದ್ದರೂ ಪಟ್ಟಿಯ ಮೇಲಿನ ಪ್ರತಿಕಾಯ ಅದನ್ನು ಹಿಡಿಯಬೇಕು, ಅದರ ಬೆನ್ನಿಗೆ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ ಬಂದು ಕೂರಬೇಕು, ಆ ಕಿಣ್ವ ನಾವು ಸುರಿದ ದ್ರಾವಣವನ್ನು ಒಡೆದು ಯಂತ್ರಕ್ಕೆ ಚೂರು ವಿದ್ಯುತ್ತು ಮುಟ್ಟಿಸಬೇಕು, ಆಗ ಯಂತ್ರ ಹೃದಯಾಘಾತವೆನ್ನಬೇಕು. ಪಟ್ಟಿಯಲ್ಲಿ ಜಾಗ ಖಾಲಿ ಉಳಿಯಿತೋ, ಬದಲಾಪುರ ಲೋಕಲ್‌ನ ಸೀಟಿನಂತೆ ಕಂಡಕಂಡವರೆಲ್ಲ ಬಂದು ಕೂರುತ್ತಾರೆ. ಅದಕ್ಕೇ ಮೊದಲೇ ಹಾಲಿನ ಪುಡಿ ಕದಡಿ ಬಳಿದು ಜಾಗ ತುಂಬುತ್ತಿದ್ದೆವು.

ಆ ಪುಡಿಯೆಲ್ಲ ಪ್ರಯೋಗಾಲಯದವರ ಚಹಾ ಸೇರಿ ಮುಗಿದಾಗ, ಮುಖ್ಯಸ್ಥರಾದ ಜೋಶಿ ಸಾಹೇಬರು ಕಲ್ಯಾಣದ ತಮ್ಮ ಮನೆ ಹತ್ತಿರದ ತಬೇಲಾದಿಂದ, ಅಂದರೆ ಎಮ್ಮೆ ಕೊಟ್ಟಿಗೆಯಿಂದ, ಸ್ಟೀಲ್ ಡಬ್ಬಿಯಲ್ಲಿ ಎಮ್ಮೆ ಹಾಲು ತಂದರು. "ಪುಡಿ ಯಾಕೆ ಹೋ? ಇದು ಏಕದಮ್ ಶುದ್ಧ, ಈಗಷ್ಟೇ ಕರೆದದ್ದು!"

ಸಾಹೇಬರಿಗೆ ಎದುರಾಡುವವರು ಯಾರು? ಅಂದಿನಿಂದ ರಕ್ತದ ಬದಲು ಬರೀ ಉಪ್ಪುನೀರು ಹಾಕಿದರೂ ಯಂತ್ರ ಹೃದಯಾಘಾತವೆಂದೇ ಹೇಳತೊಡಗಿತು. ಸೋಮವಾರದೊಳಗೆ ಸರಿಹೋಗದಿದ್ದರೆ ಯೋಜನೆ ಬಂದ್, ಗುತ್ತಿಗೆಯ ಮೇಲಿದ್ದ ನಾನು ಮನೆಗೆ. ಉಪ್ಪುನೀರಿನದು ಹಾಗಿರಲಿ, ನನ್ನ ಎದೆಯೇ ನಿಂತುಹೋಗುವಷ್ಟು ಹೆದರಿದ್ದೆ.

ಭಾನುವಾರ ಅದೇ ಚಿಂತೆಯಲ್ಲಿ ನಿಂತಿದ್ದಾಗ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಯಜಮಾನರು ಪೇಪರಿನಿಂದ ತಲೆಯೆತ್ತದೆ, "ಚೆಲ್ಲುವುದಾದರೆ ಹಸಿಯಾಗೇ ಚೆಲ್ಲು ಮಾರಾಯ್ತಿ, ಕುದಿಸುವುದಾದರೂ ಯಾಕೆ?" ಎಂದರು.

ಹೌದಲ್ಲ, ಕುದಿಸುವುದು ಯಾಕೆ? ಅಯ್ಯೋ ದೇವರೇ! ನಾವು ಪ್ರತಿಕಾಯದ ಬೆನ್ನಿಗೆ ಕಟ್ಟುತ್ತಿದ್ದ ಕಿಣ್ವ ಹಸಿ ಹಾಲಿನಲ್ಲಿ ತಾನಾಗಿಯೇ ಇರುತ್ತದೆ, ಕುದಿಸಿದರಷ್ಟೇ ಸಾಯುತ್ತದೆ. ಪುಡಿಯಾದರೆ ಮೊದಲೇ ಕಾದು ಬಂದದ್ದು. ಯಂತ್ರ ಸುಳ್ಳು ಹೇಳಿರಲಿಲ್ಲ. ಪಟ್ಟಿಗೆ ಅಂಟಿದ್ದ ಎಮ್ಮೆಯ ಕಿಣ್ವವನ್ನು ನಿಯತ್ತಾಗಿ ಹಿಡಿದುಕೊಟ್ಟಿತ್ತು.

ಸೋಮವಾರ ಕುದಿಸಿ, ಆರಿಸಿ, ಕೆನೆ ತೆಗೆದ ಹಾಲನ್ನು ಟಿಫಿನ್ ಡಬ್ಬಿಯಲ್ಲಿ ಹಿಡಿದು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಬದಲಿಸುವಾಗ ಹಸುಗೂಸಿನ ಹಾಗೆ ಕಾಪಾಡಿಕೊಂಡು ಒಯ್ದೆ. ಉಪ್ಪುನೀರಿಗೆ ಗುಣವಾಯಿತು, ನನ್ನ ಗುತ್ತಿಗೆಯೂ ಬದುಕಿತು. ಜೋಶಿ ಸಾಹೇಬರ ಮುಖವಂತೂ ಅರಳಿಹೋಯಿತು: "ಅಂದರೆ ನನ್ನ ಹಾಲು ಅಸಲಿ ಅಂತ ಮಶೀನೇ ಸರ್ಟಿಫಿಕೇಟ್ ಕೊಟ್ಟಿತಲ್ಲ!"

ಹಾಲು ಈಗಲೂ ಉಕ್ಕುತ್ತದೆ, ತೀರ್ಪೂ ಬರುತ್ತದೆ. ನಾನು ಒರೆಸುವ ಬಟ್ಟೆಯನ್ನು ಯಜಮಾನರ ಕೈಗಿಡುತ್ತೇನೆ. ಅವರು ಒಲೆಯ ಮುಂದೆ ನಿಲ್ಲತೊಡಗಿದ್ದು ಹಾಗೆ.