ತಾರೂತ್ ಮರಗಳ ನಾಡಿ ಹಿಡಿಯುವ ಕೆಲ್ಲಾ

ಬೆಳಕು ಇನ್ನೂ ಬಂಡೆಗಳ ನೆತ್ತಿಗಷ್ಟೇ ತಾಗಿದೆ. ಕೆಳಗೆ ಕಮರಿಯಲ್ಲಿ ರಾತ್ರಿಯ ಚಳಿ ಎದ್ದು ಹೋಗುವ ಮನಸ್ಸಿಲ್ಲದೆ ಕೂತಿದೆ. ಕೆಲ್ಲಾ ಉಲ್ತ್ ಎಬೆಗ್ಗಿ ಚಪ್ಪಲಿ ಕಳಚಿಟ್ಟು, ಹೊದ್ದ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಮರಳಿನ ಮೇಲೆ ಬೋರಲು ಮಲಗಿದ್ದಾರೆ. ಒಂದು ಒಣಗಿದ ಮರ, ಅದು ಒರಗಿರುವ ಬಂಡೆ, ಎರಡರ ನಡುವಿನ ಸಂದಿಯೊಳಗೆ ಅವರ ಬಲಗೈ ಭುಜದವರೆಗೂ ಹೋಗಿದೆ. ಕಣ್ಣು ಮುಚ್ಚಿದೆ. ಬಸುರಿಯ ಹೊಟ್ಟೆ ಮುಟ್ಟಿ ನೋಡುವ ಸೂಲಗಿತ್ತಿಯ ಮುಖದಲ್ಲಿ ಇರುತ್ತದಲ್ಲ, ಅಂಥ ಗಮನ.

"ಏನೇ, ಅಲ್ಲೇ ನಿದ್ದೆ ಹೋದ್ಯಾ? ನನ್ನ ಕತ್ತೆಗಳು ನಿನಗಿಂತ ಚುರುಕು," ಎನ್ನುತ್ತಾನೆ ಮೇಲೆ ನಿಂತ ಗೂಮಾ.

"ನಿನ್ನನ್ನೂ ಸೇರಿಸ್ಕೊಂಡೇ ಹೇಳ್ತಿದ್ದೀಯ ತಾನೆ ಭಾವ, ಎಷ್ಟು ಕತ್ತೆ ಆಯ್ತು?" ಕಣ್ಣು ತೆರೆಯದೆಯೇ ಕೆಲ್ಲಾ ಕೇಳುತ್ತಾರೆ.

ಗೂಮಾ ಕೆಲ್ಲಾ ಅವರ ಸೋದರತ್ತೆಯ ಮಗ. ಮರಳುಗಾಡಿನ ಊರು ಜಾನೆತ್‌ನಿಂದ ಈ ಕಲ್ಲಿನ ಪ್ರಸ್ಥಭೂಮಿಗೆ ಕತ್ತೆಗಳ ಮೇಲೆ ಸಾಮಾನು ಹತ್ತಿಸುವುದು ಅವನ ಕೆಲಸ. ಅತ್ತೆ ಮಕ್ಕಳು ಮಾವನ ಮಕ್ಕಳು ಒಬ್ಬರನ್ನೊಬ್ಬರು ರೇಗಿಸುವುದು ನಿಂತರೆ ಡೇರೆಗಳ ನಡುವೆ ಏನೋ ಮುನಿಸು ಬಂದಿದೆ ಎಂದು ನಮ್ಮವರು ಗಾಬರಿಯಾಗುತ್ತಾರೆ. ಆದರೆ ಇವತ್ತು ಬಾಯಿ ನಗುತ್ತಿದ್ದರೂ ಅವನ ಕಣ್ಣು ಮರದಿಂದ ಕದಲುತ್ತಿಲ್ಲ. ಕಾಲ ಬಳಿ ಗೋಣಿಯಲ್ಲಿ ಸುತ್ತಿದ ಗರಗಸವಿದೆ.

ಖರ್ಜೂರದ ಕೊಯ್ಲು ಮುಗಿಯುತ್ತಲೇ ಕೆಲ್ಲಾ ಅವರ ಮಗಳು ರೈಶಾಳ ಮದುವೆ. ಮಗಳಿಗೆ ಡೇರೆ ಕೊಡುವವಳು ತಾಯಿ. ಆ ಡೇರೆಯ ನಡುಗಂಬ ತಾರೂತ್, ಅಂದರೆ ಮರಳುಗಾಡಿನ ಸೈಪ್ರೆಸ್ ಮರದ್ದೇ ಆಗಿರಬೇಕೆನ್ನುವುದು ಅವರ ತಾಯಿ ಕಡೆಯ ಕಟ್ಟು. ಜೀವವಿರುವ ತಾರೂತನ್ನು ಯಾರೂ ಮುಟ್ಟುವಂತಿಲ್ಲ. ಸತ್ತದ್ದನ್ನು ಹಿರಿಯರ ಒಪ್ಪಿಗೆ ಪಡೆದು ಕಡಿಯಬಹುದು. ಈ ಮರದ ಹೆಸರು ಕಿವುಡಿ. ಇಲ್ಲಿ ನಿಂತು ಎಷ್ಟು ಕೂಗಿದರೂ ಮಾರ್ದನಿ ಬರುವುದಿಲ್ಲವಾದ್ದರಿಂದ ಆ ಹೆಸರು. ಕಿವುಡಿ ಸತ್ತು ಎಷ್ಟೋ ಕಾಲವಾಯಿತೆಂದು ಎಲ್ಲರೂ ಬಲ್ಲರು. ಹಿರಿಯರೂ ಹೂಂ ಎಂದಿದ್ದಾರೆ. ಗರಗಸ ಇಡುವ ಮೊದಲು ಒಂದು ಸಲ ಮುಟ್ಟಿ ನೋಡುತ್ತೇನೆ ಎಂದದ್ದು ಕೆಲ್ಲಾ ಒಬ್ಬರೇ.

ಕೈ ಹೊರಗೆ ಬರುತ್ತದೆ. ಮೊಣಕೈ ತರಚಿದೆ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಎಳೆಯಷ್ಟು ಹಸಿರು. ಕೆಲ್ಲಾ ಅದನ್ನು ಮೂಗಿನ ಬಳಿ ಹಿಡಿದು ಮೂಸುತ್ತಾರೆ.

"ಉಸಿರಿದೆ."

"ಯಾರಿಗೆ?"

"ಇವಳಿಗೆ ಕಣೋ."

ಗೂಮಾ ಗರಗಸದ ಪಕ್ಕ ಕೂರುತ್ತಾನೆ. "ನಾನು ಚಡ್ಡಿ ಹಾಕೋದಕ್ಕೆ ಮುಂಚಿನಿಂದ ಯಾವ ಮೇಕೇನೂ ಇವಳ ಕಡೆ ಕತ್ತೆತ್ತಿ ನೋಡಿಲ್ಲ."

ತಪ್ಪಾದದ್ದು ಅಲ್ಲೇ. ನಮ್ಮಲ್ಲಿ ಮರದ ಸಾವನ್ನು ಸಾರುವುದು ಮೇಕೆಗಳು. ಮೇಕೆ ತಿರುಗಿ ನೋಡದ ಮರವನ್ನು ಸತ್ತದ್ದೆಂದು ಬಿಟ್ಟುಬಿಡುತ್ತೇವೆ, ಇನ್ನೊಬ್ಬರನ್ನು ಕೇಳುವುದಿಲ್ಲ. ಕೆಲ್ಲಾ ಬಂಡೆಯನ್ನು ಸುತ್ತಿಕೊಂಡು, ಪ್ರಪಾತದ ಅಂಚಿಗೆ ಹೋಗಿ, ಕುತ್ತಿಗೆ ಚಾಚಿ ನೋಡುತ್ತಾರೆ. ಮರದ ಒಂದು ತೋಳು ಬಂಡೆಯ ಹಿಂದಿನಿಂದ ಕಮರಿಯ ಮೇಲೆ ಬಾಗಿದೆ. ಮೇಕೆಯ ಕಾಲೂರಲು ಬೆರಳಷ್ಟು ಜಾಗವಿಲ್ಲದ ಕಡೆ ಒಂದು ಹಿಡಿ ಹಸಿರು ಗಾಳಿಗೆ ಅಲ್ಲಾಡುತ್ತಿದೆ. ಅಷ್ಟು ದೊಡ್ಡ ಮರ, ಐದು ಜನ ಕೈಕೈ ಹಿಡಿದರೂ ತಬ್ಬಲಾಗದ ಕಾಂಡ. ಬಂಡೆಗೆ ಅಂಟಿದ ಅಂಗೈಯಗಲದ ತೊಗಟೆಯೊಂದರಿಂದ ನೀರು ಹತ್ತಿಸಿಕೊಂಡು, ಆ ಒಂದು ಹಿಡಿ ಎಲೆಗಾಗಿ ಬದುಕಿದೆ. ಯಾರಿಗೂ ಹೇಳಿಲ್ಲ.

ಇಡೀ ಪ್ರಸ್ಥಭೂಮಿಯಲ್ಲಿ ಇಂಥವು ಉಳಿದಿರುವುದು ಇನ್ನೂರ ಚಿಲ್ಲರೆ. ಒಂದು ಮರ ಕಂಡ ಮೇಲೆ ಇನ್ನೊಂದನ್ನು ಕಾಣಲು ಕೆಲವೊಮ್ಮೆ ಅರ್ಧ ದಿನ ನಡೆಯಬೇಕು. ಕೆಲವಕ್ಕೆ ಎರಡು ಸಾವಿರ ವರ್ಷ ದಾಟಿದೆ. ನಮ್ಮಜ್ಜಿಯರು ಹೇಳುವ ಕಥೆ ಬೇರೆ: ಹೊಳೆ ಈ ನಾಡು ಬಿಟ್ಟು ಹೊರಟಾಗ, ಬರುತ್ತೇನೆ ಕಾಯುತ್ತಿರಿ ಎಂದಿತಂತೆ. ಆನೆ ಕಾಯಲಿಲ್ಲ, ಹಸು ಕಾಯಲಿಲ್ಲ, ಮೊಸಳೆ ಮಳೆನೀರಿನ ಮಡುವಿನಲ್ಲಿ ಅವಿತು ಕೆಲವು ಕಾಲ ನೋಡಿ ಅದೂ ಹೋಯಿತು. ಕೊಟ್ಟ ಮಾತನ್ನು ನಂಬಿ ನಿಂತ ಹೆಂಗಸರು ಮಾತ್ರ ನಿಂತಲ್ಲೇ ತಾರೂತ್ ಆದರು. ಒಣಗಿದ ಹೊಳೆಪಾತ್ರದ ಅಂಚಿನಲ್ಲಿ ಅವುಗಳನ್ನು ನೋಡುವಾಗ ಲೆಕ್ಕದ ವಯಸ್ಸೂ ಕಥೆಯ ವಯಸ್ಸೂ ಒಂದೇ ಎನಿಸುತ್ತದೆ.

ಕೆಲ್ಲಾ ಅವರಿಗೆ ಐವತ್ತು ದಾಟಿದೆ. ಹುಟ್ಟಿದ್ದು, ಮೇಕೆ ಕಾಯ್ದದ್ದು, ಮದುವೆಯಾದದ್ದು ಎಲ್ಲ ಈ ಕಲ್ಲುಗಳ ನಡುವೆಯೇ. ಉತ್ತರದ ವಿಶ್ವವಿದ್ಯಾಲಯದಿಂದ ವಾರ್ದಾ ಎಂಬ ಸಸ್ಯಶಾಸ್ತ್ರದ ಮೇಡಂ ಮೊದಲ ಸಲ ತಾರೂತ್ ಗಣತಿಗೆ ಬಂದಾಗ ಊರವರು ದಾರಿ ತೋರಿಸಲು ಗಂಡಸರನ್ನು ಕಳಿಸಿದರು. ಗಂಡಸರಿಗೆ ಗೊತ್ತಿದ್ದದ್ದು ಒಂಟೆ ಹೋಗುವ ದಾರಿಯ ಮರಗಳು. ಕಮರಿಯೊಳಗಿನವು ಗೊತ್ತಿದ್ದದ್ದು ಮೇಕೆ ಹಿಂದೆ ಅಲೆದವರಿಗೆ, ಅಂದರೆ ಹೆಂಗಸರಿಗೆ. ಹಾಗೆ ಕೆಲ್ಲಾ ಸೇರಿಕೊಂಡರು. ವಾರ್ದಾ ಮೇಡಂ ಕೆಲ್ಲಾ ಅವರಿಗೆ ಟೇಪು ಹಿಡಿಯುವುದು, ಕಾಯಿ ಒಡೆದು ಬೀಜದ ಗಟ್ಟಿತನ ನೋಡುವುದು, ತೊಗಟೆಯನ್ನು ನೋಯಿಸದಂತೆ ಕೆರೆಯುವುದು ಕಲಿಸಿದರು. ಕೆಲ್ಲಾ ಆಕೆಗೆ ಮರಗಳ ಹೆಸರು ಹೇಳಿಕೊಟ್ಟರು: ಗೂನಿ, ಎರಡನೇ ಗಂಡನವಳು, ಮಳೆ ನೋಡಿದವಳು.

ಬೇಸಗೆ ಇಳಿದ ಮೇಲೆ ಗಣತಿ ಶುರು. ಎದ್ದು ಚಹಾ, ಬೂದಿಯಲ್ಲಿ ಸುಟ್ಟ ತಗೆಲ್ಲಾ ರೊಟ್ಟಿಯ ಚೂರು, ಹೆಗಲಿಗೆ ನೀರಿನ ತೊಗಲಚೀಲ. ದಿನಕ್ಕೆ ಒಂದು ಕಮರಿ, ಮಂಡಿ ಕೇಳಿದರೆ ಎರಡು. ಮರದ ಬಳಿ ಬಂದೊಡನೆ ಟೇಪು ತೆಗೆಯುವುದಿಲ್ಲ. ಹಿರಿಯರನ್ನು ಕಂಡಾಗ ಮಾತಾಡಿಸುವ ಹಾಗೆ ಮಾತಾಡಿಸುತ್ತಾರೆ: ಹೇಗಿದ್ದೀಯ, ಚಳಿ ಹೇಗಿದೆ, ನಿನ್ನವರೆಲ್ಲ ಹೇಗಿದ್ದಾರೆ, ದಣಿವಾಯಿತಾ.

"ಉತ್ತರಕ್ಕೆ ಕಾಯ್ತೀರಾ?" ಎಂದರೆ ಗಂಭೀರವಾಗಿಯೇ ಹೇಳುತ್ತಾರೆ: "ವಯಸ್ಸಾದವರು ನಿಧಾನಕ್ಕೆ ಉತ್ತರ ಕೊಡ್ತಾರೆ. ಅವಸರ ಮಾಡಬಾರದು."

ಎಣಿಸುವುದಕ್ಕಿಂತ ಕಷ್ಟದ್ದು ಸಸಿ ಕಾಯುವುದು. ಅಪರೂಪಕ್ಕೆ ಮಳೆ ಬಿದ್ದ ವರ್ಷ ಒಂದೆರಡು ಬೀಜ ಮೊಳೆಯುತ್ತವೆ. ಮೇಕೆಗೆ ಅದಕ್ಕಿಂತ ರುಚಿಯಾದದ್ದಿಲ್ಲ. ಕೆಲ್ಲಾ ಡೇರೆಯಿಂದ ಡೇರೆಗೆ ಹೋಗಿ ಹೆಂಗಸರ ಜೊತೆ ವಾಡಿಕೆಯ ಮೂರೂ ಸುತ್ತಿನ ಚಹಾ ಮುಗಿಯುವವರೆಗೂ ಕೂತು, ಎರಡು ಕಣಿವೆಗಳಿಗೆ ಮೇಕೆ ಬಿಡದಂತೆ ಒಪ್ಪಿಸಿದರು. "ಗಂಡಸರ ಹತ್ತಿರ ಹೋಗಿದ್ರೆ ಒಂದೇ ಮಾತಿಗೆ ಹೂಂ ಅಂದುಬಿಡ್ತಿದ್ರು. ಮೇಕೆ ಅವರದ್ದಲ್ವಲ್ಲ," ಎಂದು ನಗುತ್ತಾರೆ. ಸಸಿಗಳ ಸುತ್ತ ಕಲ್ಲು ಪೇರಿಸಿದವರೂ ಆ ಹೆಂಗಸರೇ.

ಅಂಥದ್ದೇ ಒಂದು ಚಹಾದ ಸಂಜೆ ವಾರ್ದಾ ಅವರು ತಾರೂತಿನ ಗುಟ್ಟೊಂದನ್ನು ಹೇಳಿದರಂತೆ. ಈ ಮರದ ಬೀಜದಲ್ಲಿ ಬೆಳೆಯುವ ಕೂಸು ಪೂರ್ತಿ ತಂದೆಯದು. ಪರಾಗವೇ ಕೂಸಾಗುತ್ತದೆ, ತಾಯಿಮರದ ರಕ್ತ ಅದರಲ್ಲಿಲ್ಲ, ಆಕೆ ಹೊತ್ತು ಹೆರುತ್ತಾಳೆ ಅಷ್ಟೆ. ಕುಲವನ್ನು ತಾಯಿಯಿಂದಲೇ ಎಣಿಸುವ ನಮ್ಮ ಹೆಂಗಸರು ಲೋಟ ಕೆಳಗಿಟ್ಟರು.

"ಅಂದ್ರೆ ಅವಳದ್ದು ಬರೀ ಡೇರೆ ಅಂತೀರಾ?" ಎಂದಳು ಒಬ್ಬಳು.

"ಡೇರೆ ಅವಳದ್ದಾದ್ಮೇಲೆ ಇನ್ನೇನು ಬೇಕೇ? ಗಂಡನ್ನ ಹೊರಗೆ ಹಾಕೋ ಅಧಿಕಾರಾನೂ ಅವಳದ್ದೇ," ಎಂದರು ಕೆಲ್ಲಾ. ನಕ್ಕ ನಗು ಕಮರಿಯ ಆಚೆಗೂ ಕೇಳಿಸಿತೆಂದು ಗೂಮಾ ಸಾಕ್ಷಿ ಹೇಳುತ್ತಾನೆ.

ಕಿವುಡಿಯ ಬಳಿಯಿಂದ ಬರಿಗೈಲಿ ಬಂದ ತಾಯಿಯನ್ನು ನೋಡಿ ರೈಶಾ ಮೇಕೆಗಳ ಕಡೆ ಹೊರಟುಬಿಡುತ್ತಾಳೆ. ಅವಕ್ಕೆ ನೀರು ಕುಡಿಸಿ ಬಂದು, ಬೆನ್ನು ತಿರುಗಿಸಿಕೊಂಡೇ ಮಾತು ತೆಗೆಯುತ್ತಾಳೆ.

"ಒಂದು ಕೊಂಬೆ ಅಮ್ಮ. ಒಣಗಿದ ಕೊಂಬೆ. ಮರ ಬದುಕಿದ್ರೆ ಬದುಕಿರ್ಲಿ."

"ಒಣಗಿದ ಕೊಂಬೇನೇ ಅವಳಿಗೆ ನೆರಳು. ಆ ಕಡೆ ಬಿಸಿಲು ಬಿದ್ರೆ ಇರೋ ತೊಗಟೇನೂ ಹೋಗುತ್ತೆ."

"ಹುಡುಗನ ಚಿಕ್ಕಮ್ಮ ಈಗಾಗಲೇ ಕೇಳಿದಾಳೆ, ಕಂಬ ಬಂತಾ ಅಂತ. ಕಬ್ಬಿಣದ ಪೈಪು ನೆಟ್ಟು ಮದುವೆ ಮಾಡ್ಕೋ ಅಂತೀಯಾ? ಯಾರು ನೋಡ್ತಿದ್ರು ಅಲ್ಲಿ? ಗೂಮಾ ಮಾವ ಒಬ್ಬ. ಅವನು ಬಾಯಿ ಬಿಡ್ತಿರ್ಲಿಲ್ಲ."

"ಗೂಮಾ? ಬಾಯಿ ಬಿಡದೆ?" ಎನ್ನುತ್ತಾರೆ ಕೆಲ್ಲಾ. ಮಗಳು ನಗುವುದಿಲ್ಲ. ಆ ಸಂಜೆ ಇಬ್ಬರೂ ಒಂದೇ ಬಟ್ಟಲಿನಿಂದ, ಒಬ್ಬರನ್ನೊಬ್ಬರು ನೋಡದೆ ಉಣ್ಣುತ್ತಾರೆ.

ಮರುದಿನ ಹೊತ್ತು ಮೂಡುವಾಗ ಕೆಲ್ಲಾ ತಮ್ಮ ಡೇರೆಯ ಹಗ್ಗಗಳನ್ನು ಬಿಚ್ಚತೊಡಗುತ್ತಾರೆ. ಗಂಡ ಅಘಾಲಿ ನಮ್ಮ ಗಂಡಸರು ಸುತ್ತುವ ಮುಖದ ಮುಸುಕನ್ನೂ ಸರಿಯಾಗಿ ಸುತ್ತಿಕೊಳ್ಳದೆ ಹೊರಗೆ ಬಂದು ನಿಲ್ಲುತ್ತಾರೆ. ತೊಗಲಿನ ಮಾಡು ಮರಳಿಗೆ ಇಳಿಯುತ್ತದೆ. ನಡುವೆ ನಿಂತದ್ದು ತಾರೂತಿನ ಕಂಬ: ಕೆಲ್ಲಾ ಅವರ ಮದುವೆಗೆ ಅವರ ತಾಯಿ ಕೊಟ್ಟದ್ದು, ತಾಯಿಗೆ ಅಜ್ಜಿ ಕೊಟ್ಟದ್ದು, ಹೊಗೆಯಿಂದ ಕಪ್ಪಾಗಿ ಈಗಲೂ ಕೈಗೆ ಪರಿಮಳ ಹತ್ತಿಸುವಂಥದ್ದು.

ಗಂಡ ಇರುವಾಗಲೇ ಹೆಂಡತಿ ಡೇರೆ ಇಳಿಸಿದರೆ ಅದಕ್ಕೆ ನಮ್ಮಲ್ಲಿ ಒಂದೇ ಅರ್ಥ: ಅವನನ್ನು ಬಿಟ್ಟಳು ಎಂದು. ಹೊಳೆಪಾತ್ರದ ಆಚೆಯಿಂದ ನೋಡಿದವರು ಸಕ್ಕರೆ ಗಟ್ಟಿಗಳನ್ನು ಹಿಡಿದುಕೊಂಡು ರಾಜಿ ಮಾಡಿಸಲು ಓಡೋಡಿ ಬರುತ್ತಾರೆ. ಅಘಾಲಿ ಬಯಲಲ್ಲಿ ಚಹಾದ ಕೆಟಲಿನ ಮುಂದೆ ಕೂತಿದ್ದಾರೆ.

"ಏನ್ ಮಾಡ್ದೆಯೋ ಮಾರಾಯ, ಈ ವಯಸ್ಸಲ್ಲಿ?" ಎಂದು ಅವರ ಅಕ್ಕ ತಲೆ ಮೇಲೆ ಕೈ ಹೊರುತ್ತಾಳೆ.

"ಏನೂ ಮಾಡ್ಲಿಲ್ಲ ಅಕ್ಕ."

"ಅದೇ ಕಣಕ್ಕ ಅವನ ಮೇಲಿರೋ ದೂರು," ಎಂದು ಗೂಮಾ ಕತ್ತೆಯ ಹಿಂದಿನಿಂದ ಸೇರಿಸುತ್ತಾನೆ. "ಕೆಲ್ಲಾ, ಒಂದು ಮಾತು ಮೊದಲೇ ಹೇಳಿಟ್ಟಿರ್ತೀನಿ. ನಾನಂತೂ ಖಾಲಿ ಇದ್ದೀನಿ."

"ನಿನ್ನ ತಲೆ ಖಾಲಿ ಇರೋದು ಊರಿಗೇ ಗೊತ್ತು," ಎನ್ನುತ್ತಾರೆ ಕೆಲ್ಲಾ, ಮತ್ತು ಕಂಬವನ್ನು ಎತ್ತಿ ಮಗಳ ತೊಡೆಯ ಮೇಲೆ ಅಡ್ಡ ಇಡುತ್ತಾರೆ. ರೈಶಾ ಅದರ ಮೇಲೆ ಕೈಯಾಡಿಸುತ್ತಾ ಕೂತುಬಿಡುತ್ತಾಳೆ. ಅಜ್ಜಿಯ ಕೈ, ತಾಯಿಯ ಕೈ ಸವೆಸಿದ ನುಣುಪು ಅದು. ಬಂದವರಿಗೆಲ್ಲ ಅರ್ಥವಾಗುವಷ್ಟರಲ್ಲಿ ಸಕ್ಕರೆ ಗಟ್ಟಿ ಒಡೆದು ಚಹಾಕ್ಕೆ ಬಿದ್ದಾಗಿದೆ.

ನಮ್ಮಲ್ಲಿ ಮದುವೆಯ ಡೇರೆಯನ್ನು ಮೊದಲ ಸಂಜೆ ಚಿಕ್ಕದಾಗಿ ಕಟ್ಟಿ, ಬಿಚ್ಚಿ, ಮರುಸಂಜೆ ಇನ್ನಷ್ಟು ದೊಡ್ಡದು ಮಾಡಿ ಕಟ್ಟುತ್ತಾರೆ. ಪ್ರತಿ ಸಂಜೆಯೂ ಆ ಹಳೆಯ ಕಂಬ ಹೊಸ ಮಾಡಿನ ಕೆಳಗೆ ನಿಂತಿತು. ಹುಡುಗನ ಚಿಕ್ಕಮ್ಮ ಮೂಸಿ ನೋಡಿ ತಲೆಯಾಡಿಸಿದಳು. ಕೆಲ್ಲಾ ಅವರ ಡೇರೆ ಈಗ ಜಾಲಿಯ ಕಂಬದ ಮೇಲಿದೆ. ಅಷ್ಟು ಉದ್ದದ ಜಾಲಿ ಸಿಗಲಿಲ್ಲವಾದ್ದರಿಂದ ಮಾಡು ತಗ್ಗು. ಅಘಾಲಿ ಒಳಗೆ ಹೋಗುವಾಗೆಲ್ಲ ತಲೆ ತಾಗಿಸಿಕೊಂಡು ಗೊಣಗುತ್ತಾರೆ. "ಬಗ್ಗಿ ಬಂದ್ರೆ ಏನೂ ಕಡಿಮೆ ಆಗಲ್ಲ ಇವರಿಗೆ," ಎನ್ನುವುದು ಹೆಂಡತಿಯ ಉತ್ತರ.

ಗಣತಿ ಮುಗಿದ ದಿನ ವಾರ್ದಾ ಅವರು ಮರಗಳ ಮೊತ್ತವನ್ನು ಎರಡೆರಡು ಸಲ ಕೂಡಿಸುತ್ತಾರೆ. ಗಣತಿ ಎಂದರೆ ಇಷ್ಟು ವರ್ಷ ಸಾವಿನ ಸುದ್ದಿಯೇ ಆಗಿತ್ತು; ಪ್ರತಿ ಸಲವೂ ಒಂದೋ ಎರಡೋ ಕಡಿಮೆ. ಈ ಸಲ ಒಂದು ಹೆಚ್ಚಿದೆ. ಆಕೆ ಪೆನ್ನು ಕೆಳಗಿಟ್ಟು, ಕೆಲ್ಲಾ ಅವರ ತರಚು ಮಾಯ್ದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಳ್ಳುತ್ತಾರೆ.

ಕೆಲ್ಲಾ ಅವರಿಗೆ ನಾಚಿಕೆ. ಕೈ ಬಿಡಿಸಿಕೊಂಡು ಹೊದಿಕೆ ಸರಿಮಾಡಿಕೊಳ್ಳುತ್ತಾರೆ.

"ನಾನೇನು ಬೆಳೆಸಿದ್ನಾ ಅವಳನ್ನ? ಇರೋಳನ್ನ ಇದಾಳೆ ಅಂದೆ. ಅಷ್ಟೆ."