ಮಡಕೆಯೊಳಗಿನ ತಾಯಿಯನ್ನು ಲೋಕಕ್ಕೆ ತೋರಿಸಿದ ಶಾದ್ಲಿಯಾ

ನಮ್ಮ ಕೆರ್ಕೆನ್ನಾ ದ್ವೀಪದ ಸುತ್ತ ಸಮುದ್ರಕ್ಕೆ ಆಳವೇ ಇಲ್ಲ. ದಡದಿಂದ ಅರ್ಧ ಮೈಲಿ ನಡೆದು ಹೋದರೂ ನೀರು ಸೊಂಟ ದಾಟದ ಜಾಗಗಳಿವೆ. ಅಂಥ ನೀರಿನಲ್ಲಿ ನಲವತ್ತೈದು ವರ್ಷ ನಡೆದವಳು ಶಾದ್ಲಿಯಾ. ಆಕ್ಟೋಪಸ್ ಹಿಡಿಯುವುದು ಆಕೆಯ ಕಸುಬು. ಮಣ್ಣಿನ ಮಡಕೆಗಳನ್ನು ಹಗ್ಗಕ್ಕೆ ಕಟ್ಟಿ ಸಮುದ್ರದ ತಳದಲ್ಲಿಡುವುದು, ಬಿಲವೆಂದು ನಂಬಿ ಒಳಹೊಕ್ಕದ್ದನ್ನು ಮಡಕೆ ಸಮೇತ ಎತ್ತುವುದು. ಆಕೆಯ ತಾಯಿ ಮಾಡಿದ್ದೂ ಇದನ್ನೇ, ಅಜ್ಜಿ ಮಾಡಿದ್ದೂ ಇದನ್ನೇ. ಊರಿನಲ್ಲಿ ಅರವತ್ತು ದಾಟಿದ ಹೆಂಗಸನ್ನು ನಾವು ಚಿಕ್ಕವರು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇವೆ. ಆಕೆ ನನಗೂ ಖಾಲ್ತಿ.

ನನ್ನ ಹೆಸರು ನೌಫಲ್. ದೋಣಿಕಟ್ಟೆಯ ಹತ್ತಿರ ಫೋನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಆಕೆಯ ಕಥೆ ಶುರುವಾದದ್ದು ನನ್ನ ಮೇಜಿನ ಮೇಲೆ ಎಂದು ಹೇಳಿಕೊಳ್ಳುವುದು ನನಗಿಷ್ಟ. ನಿಜವಾಗಿ ಶುರುವಾದದ್ದು ಆಕೆಯ ಮನೆಯ ಊಟದ ತಟ್ಟೆಯ ಮುಂದೆ, ಗಂಡ ಹಮ್ಮಾದಿಯ ಜೊತೆಗಿನ ಜಗಳದಲ್ಲಿ.

"ಅದಕ್ಕೆ ಬುದ್ಧಿ ಎಲ್ಲಿಂದ ಬರ್ಬೇಕು? ಎಂಟು ಕೈ, ಒಂದು ಹೊಟ್ಟೆ. ಅಷ್ಟೇ," ಎಂದನಂತೆ ಹಮ್ಮಾದಿ.

"ಎರಡು ಕೈ ಇಟ್ಕೊಂಡು ನೀನು ಬಾಗ್ಲು ಹಾಕೋದು ಮರೀತೀಯ. ಅದು ಕಲ್ಲು ತಂದಿಟ್ಟು ಬಾಗ್ಲು ಹಾಕ್ಕೊಳುತ್ತೆ. ನಾನು ಕಣ್ಣಾರೆ ನೋಡಿದೀನಿ."

"ನೋಡಿದ್ಯೋ, ಕನಸು ಕಂಡ್ಯೋ?"

ಮರುದಿನ ಬೆಳಿಗ್ಗೆ ಖಾಲ್ತಿ ನನ್ನ ಅಂಗಡಿಗೆ ಬಂದಳು. ತನ್ನ ಹಳೆಯ ಫೋನನ್ನು ಮುಂದಿಟ್ಟು, "ಇದ್ರಲ್ಲಿ ನೀರೊಳಗಿಂದು ವಿಡಿಯೊ ತೆಗಿಯಕ್ಕಾಗುತ್ತಾ?" ಎಂದು ಕೇಳಿದಳು.

"ನೀರಿಗೆ ಹಾಕಿದ್ರೆ ಫೋನ್ ಸತ್ತೋಗುತ್ತೆ, ಖಾಲ್ತಿ."

"ನೀರಿಗೆ ಹಾಕು ಅಂದ್ನಾ ನಾನು?"

ಬಾಗಿಲ ಬಳಿ ಇಟ್ಟಿದ್ದ ತಗಡಿನ ಬಕೆಟ್ಟನ್ನು ಎತ್ತಿ ತೋರಿಸಿದಳು. ಅದರ ತಳಕ್ಕೆ ಗಾಜು ಕೂರಿಸಿತ್ತು. ಅದನ್ನು ನೀರಿನ ಮೇಲೆ ಒತ್ತಿ ಹಿಡಿದು ತಳ ನೋಡುವುದು ಇಲ್ಲಿನವರೆಲ್ಲರ ಅಭ್ಯಾಸ. ಆದರೆ ಆ ಗಾಜಿನ ಮೇಲೆ ಫೋನ್ ಮಲಗಿಸಬಹುದೆಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟೆ, ಅಷ್ಟೇ ನನ್ನ ಪಾಲು.

ಒಂಬತ್ತು ದಿನದ ನಂತರ ಎರಡು ನಿಮಿಷದ ವಿಡಿಯೊ ತಂದಳು. ಬಂಡೆಯ ಸಂದಿನಿಂದ ಒಂದು ತೋಳು ಹೊರಬರುತ್ತದೆ, ಒಂದು ಕಲ್ಲನ್ನು ತಡವಿ, ತಿರುಗಿಸಿ, ಬೇಡವೆಂದು ಬಿಡುತ್ತದೆ. ಇನ್ನೊಂದನ್ನು ಎಳೆದುಕೊಳ್ಳುತ್ತದೆ. ಹೀಗೆ ಒಂದೊಂದೇ ಕಲ್ಲು ಜೋಡಿಸಿ ಕೊನೆಗೆ ಒಂದು ಕಣ್ಣಷ್ಟೇ ಕಾಣುವಂತೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಮ್ಮಾದಿ ಅದನ್ನು ಎರಡು ಸಲ ನೋಡಿ, "ಹೂಂ," ಎಂದು ಸಿಗರೇಟು ಹಚ್ಚಿಕೊಂಡು ಹೊರಗೆ ಹೋದ.

ನಾನು ಅದನ್ನು 'ಕೆರ್ಕೆನ್ನಾದ ಶಾದ್ಲಿಯಾ' ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಹಾಕಿದೆ. ಒಂದು ವಾರದಲ್ಲಿ ನಮ್ಮ ದ್ವೀಪದ ಜನಸಂಖ್ಯೆಯ ಮೂರು ಪಟ್ಟು ಜನ ನೋಡಿದರು. ಖಾಲ್ತಿಗೆ ಓದು ಬರದು. ಜನ ಬರೆದದ್ದನ್ನು ನಾನೇ ಓದಿ ಹೇಳುತ್ತಿದ್ದೆ. ಯಾರೋ ಒಬ್ಬ, ದಾರ ಕಟ್ಟಿ ಎಳೆದಿದ್ದಾರೆ, ಇದೆಲ್ಲ ಮೋಸ ಎಂದು ಬರೆದಿದ್ದ.

"ಆಕ್ಟೋಪಸ್ಸಿಗೆ ದಾರ ಕಟ್ಟೋ ಗಂಡಸು ಇದಾನಾ? ಕರಿ ಅವನನ್ನ, ಕೆಲಸ ಕೊಡ್ತೀನಿ," ಎಂದಳು ಆಕೆ.

ಆ ಚಳಿಗಾಲವೆಲ್ಲ ಆಕೆ ಕಂಡದ್ದನ್ನೆಲ್ಲ ವಿಡಿಯೊ ತೆಗೆದಳು. ನಂತರ ಮೇ ತಿಂಗಳು ಬಂತು. ಹಿಡಿಯುವ ಕಾಲ ಮುಗಿದು ಎಲ್ಲರೂ ಮಡಕೆಗಳನ್ನು ಎತ್ತುತ್ತಿದ್ದರು. ಆಕೆಯ ಒಂದು ಮಡಕೆಯಲ್ಲಿ ತಾಯಿ ಆಕ್ಟೋಪಸ್ಸೊಂದು ಮೊಟ್ಟೆಯಿಟ್ಟು, ಮಡಕೆಯ ಬಾಯಿಯನ್ನು ಕಲ್ಲುಗಳಿಂದ ಅರ್ಧ ಮುಚ್ಚಿಕೊಂಡು ಕೂತಿತ್ತು. ಮಡಕೆಯ ಒಳಗೋಡೆಯಿಂದ ಅಕ್ಕಿಕಾಳು ಪೋಣಿಸಿದಂಥ ಬಿಳಿ ಸರಗಳು, ನೂರಾರು, ಇಳಿಬಿದ್ದಿದ್ದವು. ಖಾಲ್ತಿ ಮಡಕೆಯನ್ನು ಎತ್ತಲಿಲ್ಲ. ಬೇರೆ ಯಾರೂ ಎತ್ತದಿರಲೆಂದು ಹಗ್ಗ ಕತ್ತರಿಸಿದಳು. ಪಕ್ಕದಲ್ಲಿ ಖರ್ಜೂರದ ಗರಿಯ ದಿಂಡನ್ನು ನೆಟ್ಟು ಗುರುತಿಗೆ ಅದಕ್ಕೊಂದು ಬಿಳಿ ಬಟ್ಟೆ ಕಟ್ಟಿದಳು.

ಅಂದಿನಿಂದ ದಿನಾ ನೀರಿಳಿದ ಹೊತ್ತಿಗೆ ಹೋಗಿ ಅದೇ ಮಡಕೆಯನ್ನು ಹತ್ತು ನಿಮಿಷ ಚಿತ್ರೀಕರಿಸುತ್ತಿದ್ದಳು. ಮಾತು ಕಡಿಮೆ. "ಇವತ್ತು ಹದಿಮೂರನೇ ದಿನ. ಏಡಿ ಹತ್ರಾನೇ ಬಂತು. ಇವಳು ತಿನ್ಲಿಲ್ಲ, ಮೊಟ್ಟೆ ಮೇಲೆ ನೀರು ಊದ್ತಾ ಕೂತವ್ಳೆ." ಅಷ್ಟೇ. ಜಪಾನಿನಿಂದ, ಬ್ರೆಜಿಲ್‌ನಿಂದ ಜನ ಕೇಳತೊಡಗಿದರು: ಇವತ್ತು ಹೇಗಿದ್ದಾಳೆ?

ಇಪ್ಪತ್ತನೆಯ ದಿನ ರಾಜಧಾನಿಯ ಒಂದು ವಿಡಿಯೊ ಕಂಪನಿಯ ಮೆಹ್ರೆಜ್ ಎಂಬ ತರುಣ ಹಡಗಿನಿಂದ ಇಳಿದ. ಬೂಟು ಬೆಳ್ಳಗೆ ಹೊಳೆಯುತ್ತಿತ್ತು. ಖಾಲ್ತಿ ಅವನಿಗೆ ಬಾರ್ಲಿ ರೊಟ್ಟಿ, ಸುಟ್ಟ ಮೀನು ಕೊಟ್ಟು ಕೂರಿಸಿದಳು.

"ಖಾಲ್ತಿ, ದಿನಾ ಅದೇ ಮಡಕೆ ನೋಡಿ ಜನಕ್ಕೆ ಬೇಜಾರಾಗುತ್ತೆ," ಎಂದ ಅವನು. "ಒಂದು ದೊಡ್ಡ ಹಾವುಮೀನು ತಂದು ಹತ್ರ ಬಿಡೋಣ. ಜಗಳ ಆಗ್ಲಿ. ಒಂದೇ ದಿನದಲ್ಲಿ ಕೋಟಿ ಜನ ನೋಡ್ತಾರೆ."

"ನಿಮ್ಮಮ್ಮ ಬಾಣಂತಿ ಆಗಿದ್ದಾಗ ಯಾರಾದ್ರೂ ಕೋಣೆಯೊಳಗೆ ನಾಯಿ ಬಿಟ್ಟು ಮಜಾ ನೋಡಿದ್ರೇನಪ್ಪಾ?"

ಮೆಹ್ರೆಜ್‌ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಅದು ಮೀನು, ಖಾಲ್ತಿ."

"ಮೀನಲ್ಲ ಅದು. ಅಷ್ಟೂ ಗೊತ್ತಿಲ್ದೆ ವಿಡಿಯೊ ಮಾಡಕ್ಕೆ ಬಂದಿದೀಯ."

"ನೀವೇ ಹಿಡಿದು ತಿಂತೀರಲ್ಲ?"

"ತಿಂತೀನಿ. ರುಚಿಯಾಗಿರುತ್ತೆ. ಮೊಟ್ಟೆ ಕಾಯ್ತಿರೋದನ್ನ ಮುಟ್ಟಲ್ಲ. ಹೊಟ್ಟೆಗೂ ಮುಟ್ಟಲ್ಲ, ಆಟಕ್ಕೂ ಮುಟ್ಟಲ್ಲ. ನೀನು ಊಟ ಮಾಡು, ಮೀನು ತಣ್ಣಗಾಗ್ತಿದೆ."

ಅವನು ಸಂಜೆಯ ಹಡಗಿಗೆ ಮರಳಿದ. ಪಾಪ, ಕೆಟ್ಟವನೇನಲ್ಲ. ಹೋಗುವಾಗ ಆಕೆಯ ಕೈ ಕುಲುಕಿಯೇ ಹೋದ.

ಇಪ್ಪತ್ತೇಳನೆಯ ದಿನ ಗಾಳಿ ಎದ್ದಿತು. ಮೂರು ದಿನ ಸಮುದ್ರವೆಲ್ಲ ರಾಡಿ. ಖಾಲ್ತಿ ಆಗಲೂ ಹೋದಳು, ಕೆಸರು ನೀರನ್ನೇ ಹತ್ತು ನಿಮಿಷ ತೆಗೆದು ತಂದಳು. "ಏನೂ ಕಾಣ್ತಿಲ್ಲ. ಇದಾಳೋ ಇಲ್ವೋ ನಂಗೂ ಗೊತ್ತಿಲ್ಲ," ಎಂಬ ಆಕೆಯ ದನಿ ಮಾತ್ರ ಕೇಳುತ್ತಿತ್ತು.

"ಇದನ್ನ ಹಾಕೋದು ಬೇಡ, ಖಾಲ್ತಿ. ಯಾರು ನೋಡ್ತಾರೆ?" ಎಂದೆ.

"ಕಾಣದ ದಿನಾನೂ ಲೆಕ್ಕಕ್ಕೆ ಬೇಕು. ಹಾಕು."

ನಾನು ತಪ್ಪು ತಿಳಿದಿದ್ದೆ. ಆ ಬರೀ ಕೆಸರನ್ನು ನೋಡಿದಷ್ಟು ಜನ ಅದಕ್ಕೆ ಮುಂಚೆ ಯಾವುದನ್ನೂ ನೋಡಿರಲಿಲ್ಲ. ನಮ್ಮೂರಿನ ಕಾಫಿ ಅಂಗಡಿಯಲ್ಲಿ ಇಸ್ಪೀಟಾಡುವವರು ಎಲೆ ಕೆಳಗಿಟ್ಟು ನನ್ನನ್ನು ವಿಚಾರಿಸುತ್ತಿದ್ದರು. ನಾಲ್ಕನೆಯ ದಿನ ನೀರು ತಿಳಿಯಾಯಿತು. ಮಡಕೆ ಒಂದು ಬದಿಗೆ ವಾಲಿತ್ತು. ತಾಯಿ ಬಡಕಲಾಗಿ, ಬಣ್ಣಗೆಟ್ಟು, ಮೊಟ್ಟೆಗಳ ಮೇಲೆ ತೋಳು ಚಾಚಿ ಕೂತೇ ಇತ್ತು.

ನಲವತ್ತೊಂದನೆಯ ದಿನ ಖಾಲ್ತಿಗೆ ಮಂಡಿ ನೋವು. ಬಕೆಟ್ ಹಿಡಿಯಲು ಹಮ್ಮಾದಿಯೇ ಜೊತೆಗೆ ಹೋದ. ಆ ದಿನದ ವಿಡಿಯೊದಲ್ಲಿ ಖಾಲ್ತಿಯ ಮಾತೇ ಇಲ್ಲ. ಮೊದಲು ಏನೂ ನಡೆಯುವುದಿಲ್ಲ. ಆಮೇಲೆ ತಾಯಿ ಬಾಗಿಲ ಕಲ್ಲುಗಳನ್ನು ತಳ್ಳಿ, ಜೋರಾಗಿ ನೀರು ಊದುತ್ತದೆ. ಸರಗಳಿಂದ ಮರಿಗಳು ಸಾವಿರ ಸಾವಿರವಾಗಿ ಹೊಗೆಯಂತೆ ಎದ್ದು ಹೊರಬರುತ್ತವೆ, ಒಂದೊಂದಕ್ಕೂ ಸಾಸಿವೆಯಷ್ಟು ಮೈ, ಎರಡೆರಡು ಕಣ್ಣು. ಆಗ ಕೇಳುವುದು ಹಮ್ಮಾದಿಯ ಗಂಟಲು: "ದೇವ್ರೇ... ಬಾಗ್ಲು ತೆಗೆದ್ಲು ನೋಡೇ. ತಾನೇ ತೆಗೆದ್ಲು."

ಎರಡು ದಿನದ ನಂತರ ತಾಯಿ ಸತ್ತಿತು. ಅದನ್ನೂ ಖಾಲ್ತಿ ಚಿತ್ರೀಕರಿಸಿದಳು. ಸಾವು ತೋರಿಸಿದರೆ ಜನ ಬಿಟ್ಟುಹೋಗುತ್ತಾರೆ ಎಂದು ಮೆಹ್ರೆಜ್ ಫೋನ್ ಮಾಡಿ ಬುದ್ಧಿ ಹೇಳಿದ. "ಕೆಲಸ ಮುಗಿಸಿ ಹೋದವಳು ಅವಳು. ಮುಚ್ಚಿಡಕ್ಕೆ ಅವಳೇನು ಕಳ್ಳತನ ಮಾಡಿದ್ಲಾ?" ಎಂದಳು ಆಕೆ. ಯಾರೂ ಬಿಟ್ಟುಹೋಗಲಿಲ್ಲ.

ಶರತ್ಕಾಲದಲ್ಲಿ ಇನ್ಸಾಫ್ ಎಂಬ ಹೆಂಗಸು ಬಂದಳು. ಸಮುದ್ರದ ಜೀವಿಗಳ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವಳು. ನಲವತ್ತಮೂರು ವಿಡಿಯೊಗಳನ್ನೂ ಒಂದೂ ಬಿಡದೆ ನೋಡಿದ್ದಳು. ಕೆಸರಿನ ಆ ಮೂರನ್ನೂ ನೋಡಿದ್ದಳು. ಒಂದೇ ತಾಯಿಯನ್ನು ಸಮುದ್ರದಲ್ಲೇ ಒಂದು ದಿನವೂ ತಪ್ಪದೆ ಹೀಗೆ ಗಮನಿಸಿದ್ದನ್ನು ತಾನು ಕಂಡಿಲ್ಲ, ಇದನ್ನು ತನ್ನ ವಿದ್ಯಾರ್ಥಿಗಳಿಗೆ ಪಾಠವಾಗಿ ತೋರಿಸಲು ಒಪ್ಪಿಗೆ ಬೇಕು, ಬರೆಯುವ ಲೇಖನದಲ್ಲಿ ಖಾಲ್ತಿಯ ಹೆಸರು ಮೊದಲು ಇರುತ್ತದೆ ಎಂದಳು. ಖಾಲ್ತಿ "ನನ್ನ ಹೆಸ್ರು ಬರೆದ್ರೆ ಹೆಂಗಿರುತ್ತೆ, ತೋರ್ಸು," ಎಂದಳು. ಇನ್ಸಾಫ್ ದೊಡ್ಡದಾಗಿ ಬರೆದುಕೊಟ್ಟ ಆ ಹಾಳೆಯನ್ನು ಆಕೆ ಮಡಚದೆ, ಎರಡು ಕೈಯಲ್ಲಿ ಹಿಡಿದು ಮನೆಗೆ ನಡೆದಳು. ದಾರಿಯುದ್ದಕ್ಕೂ ಸಿಕ್ಕವರಿಗೆ ತೋರಿಸಿದಳು.

ಮರುವರ್ಷ ಮೇ ತಿಂಗಳಲ್ಲಿ ನಾನು ದೋಣಿಕಟ್ಟೆಯ ಮೇಲೆ ನಿಂತು ನೋಡಿದೆ. ನೀರಿನಲ್ಲಿ ಹನ್ನೊಂದು ಕಡೆ ಬಿಳಿ ಬಟ್ಟೆ ಹಾರಾಡುತ್ತಿತ್ತು. ಯಾರೂ ಸಭೆ ಸೇರಿರಲಿಲ್ಲ, ಯಾರೂ ಆಜ್ಞೆ ಮಾಡಿರಲಿಲ್ಲ. ಮೊಟ್ಟೆಯಿರುವ ಮಡಕೆ ಸಿಕ್ಕವರು ತಾವಾಗಿಯೇ ಬಿಟ್ಟು ಬಂದಿದ್ದರು. ಅಂದು ನನಗೆ ಈ ಊರಿನಲ್ಲಿ ಹುಟ್ಟಿದ್ದಕ್ಕೆ ಎದೆಯುಬ್ಬಿತು.

ಆಮೇಲೆ, ಬೇಸಿಗೆ ರಜೆ ಶುರುವಾಗುವ ಮುಂಚೆ, ಊರಿನ ಶಾಲೆಯವರು ಖಾಲ್ತಿಯನ್ನು ಕರೆಸಿದರು. ತಾನು ಒಂದು ದಿನವೂ ಕೂರದ ತರಗತಿಯಲ್ಲಿ ಆಕೆ ಮೇಷ್ಟ್ರ ಕುರ್ಚಿಯಲ್ಲಿ ಕೂತಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಖಾಲ್ತಿ, ಆಕ್ಟೋಪಸ್ಸಿಗೆ ಕನಸು ಬೀಳುತ್ತಾ?" ಎಂದು ಕೇಳಿದಳು. ಉಳಿದವರು ನಕ್ಕರು. ಖಾಲ್ತಿ ನಗಲಿಲ್ಲ.

"ಗೊತ್ತಿಲ್ಲಮ್ಮ. ಮಲಗಿದ್ದಾಗ ಬಣ್ಣ ಬದಲಾಯ್ಸೋದು ನೋಡಿದೀನಿ. ಯಾಕೆ ಅಂತ ಯೋಚ್ನೆ ಮಾಡಿರ್ಲಿಲ್ಲ. ನೋಡಿ ಹೇಳ್ತೀನಿ."

ಈಗ ನಡೆಯುತ್ತಿರುವುದು ಆ ಕೆಲಸವೇ. ಇವತ್ತು ಹತ್ತೊಂಬತ್ತನೆಯ ದಿನ. ಸ್ವಲ್ಪ ಹೊತ್ತಿಗೆ ಮುಂಚೆ ಖಾಲ್ತಿ ಒದ್ದೆ ಲಂಗದಲ್ಲೇ ಅಂಗಡಿಗೆ ಬಂದು ಫೋನನ್ನು ಮೇಜಿನ ಮೇಲಿಟ್ಟಳು. "ನಿದ್ದೇಲೇ ಎರಡು ಸಲ ಬಿಳಿಚಿಕೊಂಡ್ಲು, ಒಂದು ಸಲ ಕಪ್ಪಾದ್ಲು. ಬೇಗ ಹಾಕು," ಎಂದಳು. ರಿಪೇರಿಗೆ ಕಾಯುತ್ತಿದ್ದ ಗಿರಾಕಿಗಳು ನನಗಿಂತ ಮುಂಚೆ ಮೇಜಿನ ಸುತ್ತ ಸೇರಿದ್ದರು.